ಉಪ್ಪಿಗೆ ಅಣು ಇದೆಯೇ, ಇಲ್ಲವೇ? ಮಗಳ ಉತ್ತರಕ್ಕೆ ಸೊನ್ನೆ ಬಂದಿದೆ

ಸಂಜೆಪಾಠ:
ಮಗಳು ಹತ್ತನೇ ತರಗತಿಯಲ್ಲಿದ್ದಾಳೆ. ಕಳೆದ ವಾರದ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: ಮನೆಯಲ್ಲಿ ಬಳಸುವ ಎರಡು ಸಂಯುಕ್ತಗಳನ್ನು ಹೆಸರಿಸಿ, ಪ್ರತಿಯೊಂದರ ಒಂದು ಅಣುವಿನ ಚಿತ್ರ ಬರೆಯಿರಿ. ಅವಳು ನೀರು ಮತ್ತು ಉಪ್ಪನ್ನು ಆರಿಸಿಕೊಂಡಳು. ನೀರಿಗೆ ನಡುವೆ ಆಕ್ಸಿಜನ್, ಎರಡು ಕಿವಿಗಳಂತೆ ಎರಡು ಹೈಡ್ರೋಜನ್. ಅದಕ್ಕೆ ಪೂರ್ತಿ ಅಂಕ. ಉಪ್ಪಿಗೆ ಮಾತ್ರ ಸೋಡಿಯಂ, ಕ್ಲೋರೈಡ್, ಸೋಡಿಯಂ, ಕ್ಲೋರೈಡ್ ಎಂದು ಸಾಲುಗಳನ್ನು ಪುಟದ ಅಂಚಿನವರೆಗೂ ಎಳೆದು, ಕೆಳಗೆ "ಉಪ್ಪಿಗೆ ಅಣು ಇಲ್ಲ" ಎಂದು ಬರೆದಿದ್ದಾಳೆ. ಸೊನ್ನೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸೋಡಿಯಂ, ಒಂದು ಕ್ಲೋರೀನ್, ನಡುವೆ ಒಂದು ಗೆರೆ ಎಳೆದುಕೊಟ್ಟಿದ್ದಾರೆ.

ಅವಳು ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾಳೆ. ನಾನು ಓದಿದ್ದು ವಾಣಿಜ್ಯ. ಯಾರು ಸರಿ, ದಯವಿಟ್ಟು ಹೇಳಿ.

ಹಳೆಯ ಮೇಷ್ಟ್ರು:
ನಿಮ್ಮ ಮಗಳು ಸರಿ. ಆ ಕೆಂಪು ಗೆರೆಯೇ ತಪ್ಪು.

ಅಣು ಎಂದರೆ ಲೆಕ್ಕಕ್ಕೆ ಸಿಗುವಷ್ಟು ಪರಮಾಣುಗಳು ತಮ್ಮತಮ್ಮಲ್ಲೇ ಗಂಟುಬಿದ್ದ ಒಂದು ಪುಟ್ಟ ಸಂಸಾರ. ನೀರಿನ ಅಣುವಿನಲ್ಲಿ ಮೂವರು. ಸಕ್ಕರೆಯದು ನಲವತ್ತೈದು ಮಂದಿಯ ಅವಿಭಕ್ತ ಕುಟುಂಬ: 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್. ಈ ಆಕ್ಸಿಜನ್‌ಗೆ ಈ ಎರಡು ಹೈಡ್ರೋಜನ್ ಸೇರಿದವು ಎಂದು ಬೆರಳಿಟ್ಟು ತೋರಿಸಬಹುದು. ಉಪ್ಪಿನ ಹರಳಿನಲ್ಲಿ ಹಾಗೆ ತೋರಿಸಲಾಗದು. ಅಲ್ಲಿರುವುದು ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು ಇಲ್ಲವೇ ಪಡೆದು ವಿದ್ಯುತ್ ಆವೇಶ ಹೊತ್ತ ಪರಮಾಣುಗಳು; ಕ್ಲೋರೀನಿನ ಅಯಾನಿಗೆ ಕ್ಲೋರೈಡ್ ಎಂದು ಹೆಸರು. ಒಂದೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್‌ಗಳಿವೆ: ಮೇಲೆ, ಕೆಳಗೆ, ಎಡ, ಬಲ, ಹಿಂದೆ, ಮುಂದೆ. ಆರೂ ಒಂದೇ ದೂರದಲ್ಲಿ. ಒಂದೊಂದು ಕ್ಲೋರೈಡಿನ ಸುತ್ತಲೂ ಅಷ್ಟೇ ಸೋಡಿಯಂಗಳು. ಇವುಗಳಲ್ಲಿ ಯಾವುದು ಯಾವುದರ ಜೋಡಿ?

ಇದನ್ನು ಕಂಡುಹಿಡಿದು ನೂರು ವರ್ಷ ದಾಟಿತು. 1913ರಲ್ಲಿ ವಿಲಿಯಂ ಲಾರೆನ್ಸ್ ಬ್ರಾಗ್ ಎಕ್ಸ್-ಕಿರಣಗಳಿಂದ ಉಪ್ಪಿನ ಒಳಜೋಡಣೆಯನ್ನು ಬಿಡಿಸಿದರು. ಎರಡು ವರ್ಷದ ನಂತರ ತಂದೆಯ ಜೊತೆಗೆ ನೊಬೆಲ್ ಬಂದಾಗ ಅವರಿಗೆ 25 ವರ್ಷ. ಹಾಗೆಂದು ಎಲ್ಲರೂ ತಲೆದೂಗಿದರು ಎಂದುಕೊಳ್ಳಬೇಡಿ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನ ವಿಜ್ಞಾನಿ 1927ರಲ್ಲಿ ನೇಚರ್ ಪತ್ರಿಕೆಗೆ ಕಿಡಿಕಾರುವ ಪತ್ರ ಬರೆದರು. ಉಪ್ಪಿನಲ್ಲಿ ಅಣುವೇ ಇಲ್ಲವಂತೆ, ಚದುರಂಗದ ಮಣೆಯ ಹಾಗೆ ಜೋಡಣೆಯಂತೆ, ಇದು ಸಾಮಾನ್ಯ ಬುದ್ಧಿಗೆ ಒಗ್ಗುವ ಮಾತೇ ಎಂಬುದು ಅವರ ತಕರಾರು. ಮಗಳಿಗೆ ಈ ಸಂಗತಿ ಹೇಳಿ. ಅವಳ ಚಿತ್ರಕ್ಕೆ ಸೊನ್ನೆ ಕೊಡುವವರು ಆಗಲೂ ಇದ್ದರು.

ತಪ್ಪೊಪ್ಪಿಗೆಯನ್ನೂ ಹೇಳಿಬಿಡುತ್ತೇನೆ. ನಾನೂ ಮೊದಲ ಕೆಲವು ವರ್ಷ ಅದೇ ಗೆರೆಯನ್ನು ಕಪ್ಪುಹಲಗೆಯ ಮೇಲೆ ಎಳೆದವನೇ.

ಉಪ್ಪುಖಾರ:
ಮೇಷ್ಟ್ರೇ, ಅಣುವೇ ಇಲ್ಲದ ಮೇಲೆ ಸೂತ್ರ ಯಾಕೆ? ಸೋಡಿಯಂ ಒಂದು, ಕ್ಲೋರೀನ್ ಒಂದು ಎಂದು ಎಲ್ಲ ಪುಸ್ತಕಗಳಲ್ಲಿ ಬರೆದಿರುವುದು ಸುಳ್ಳೇ? ಪಾಪ, ಆ ಶಿಕ್ಷಕರು ಸೂತ್ರ ನೋಡಿ ಚಿತ್ರ ಬರೆದಿದ್ದಾರೆ. ಅವರ ಮೇಲೆ ಎಲ್ಲರೂ ಒಮ್ಮೆಗೇ ಮುಗಿಬೀಳಬೇಡಿ.

ಹರಳುಗಣ್ಣು:
ಸೂತ್ರ ಸುಳ್ಳಲ್ಲ. ಅದು ಅನುಪಾತ, ಅಷ್ಟೇ. ನೆಲಕ್ಕೆ ಕಪ್ಪು ಬಿಳಿ ಕಲ್ಲುಗಳನ್ನು ಒಂದು ಬಿಟ್ಟು ಒಂದರಂತೆ ಹಾಸಿದ್ದರೆ "ಕಪ್ಪಿಗೊಂದು ಬಿಳಿ" ಎನ್ನುತ್ತೇವೆ. ಹಾಗೆಂದು ಕಲ್ಲುಗಳು ಜೋಡಿ ಜೋಡಿಯಾಗಿ ಅಂಟಿಕೊಂಡು ಬಂದಿವೆ ಎಂದಲ್ಲವಲ್ಲ.

ಮಗಳಿಗೆ ಒಂದು ಲೆಕ್ಕ. ಒಂದು ಬದಿ 0.3 ಮಿಲಿಮೀಟರ್ ಇರುವ ಉಪ್ಪಿನ ಕಣ ತೆಗೆದುಕೊಳ್ಳಿ. ಅಕ್ಕಪಕ್ಕದ ಸೋಡಿಯಂ ಮತ್ತು ಕ್ಲೋರೈಡ್‌ಗಳ ನಡುವಿನ ದೂರ 0.282 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೊಮೀಟರ್). ಭಾಗಿಸಿದರೆ ಒಂದು ಅಂಚಿನಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಅಯಾನುಗಳು ಸಾಲುನಿಂತಿರುತ್ತವೆ. ಇಡೀ ಕಣದಲ್ಲಿ ಸೋಡಿಯಂ ಮಾತ್ರ ಎಣಿಸಿದರೂ ಸುಮಾರು ಆರು ಸಾವಿರ ಕೋಟಿ ಕೋಟಿ. ಕೋಟಿ ಎಂದು ಎರಡು ಸಲ ಬರೆದದ್ದು ಕೈತಪ್ಪಿನಿಂದಲ್ಲ.

ಪೂರ್ತಿ ನ್ಯಾಯವಾಗಿ ಹೇಳಬೇಕೆಂದರೆ, ಉಪ್ಪನ್ನು ಕುದಿಸಿ ಆವಿ ಮಾಡಿದರೆ ಒಂದು ಸೋಡಿಯಂ, ಒಂದು ಕ್ಲೋರೀನ್ ಇರುವ ಜೋಡಿಗಳು ನಿಜವಾಗಿಯೂ ಸಿಗುತ್ತವೆ. ಅದಕ್ಕೆ 1400 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವು ಬೇಕು. ಅಲ್ಲಿ ಆ ಕೆಂಪು ಗೆರೆಗೆ ಅರ್ಧ ಅಂಕ ಕೊಡಬಹುದು. ಮನೆಯಲ್ಲಿ ಬಳಸುವ ಉಪ್ಪು ಎಂದು ಕೇಳಿದ ಮೇಲೆ ಅದೂ ಇಲ್ಲ.

ಉಪ್ಪುಖಾರ:
ಒಪ್ಪಿದೆ. ಆದರೆ ಸೋಡಿಯಂ ಒಂದು ಎಲೆಕ್ಟ್ರಾನನ್ನು ಕ್ಲೋರೀನ್‌ಗೆ ದಾನ ಮಾಡುತ್ತದೆ, ಇಬ್ಬರಿಗೂ ಹೊರಕವಚದಲ್ಲಿ ಎಂಟಾಗುತ್ತದೆ, ಇಬ್ಬರೂ ಸುಖವಾಗಿರುತ್ತಾರೆ ಎಂದು ನಾವೆಲ್ಲ ಕಲಿತೆವಲ್ಲ. ದಾನ ಕೊಟ್ಟವನಿಗೂ ಪಡೆದವನಿಗೂ ನಂಟು ಇರಲೇಬೇಕಲ್ಲವೇ?

ಹಳೆಯ ಮೇಷ್ಟ್ರು:
ನನಗೆ ಸಿಟ್ಟು ಬರಿಸುವುದೇ ಈ ದಾನದ ಕತೆ. ಲೆಕ್ಕ ನೋಡಿ. ಬಿಡಿ ಸೋಡಿಯಂ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳಲು ಮೋಲ್‌ಗೆ 496 ಕಿಲೋಜೂಲ್ ಶಕ್ತಿಯನ್ನು ನಾವೇ ಕೊಡಬೇಕು (ಮೋಲ್ ಎಂದರೆ ಪರಮಾಣುಗಳನ್ನು ಎಣಿಸಲು ಬಳಸುವ ಒಂದು ದೊಡ್ಡ ನಿಗದಿತ ಸಂಖ್ಯೆ). ಸೋಡಿಯಂ ಖುಷಿಯಿಂದ ಕೊಡುವುದಿಲ್ಲ. ಅದರ ಕೈಯಿಂದ ಕಸಿಯಬೇಕು. ಬಿಡಿ ಕ್ಲೋರೀನ್ ಅದನ್ನು ಪಡೆದಾಗ ಹೊರಬರುವುದು 349 ಮಾತ್ರ. ಅಲ್ಲಿಗೆ 147 ಕಿಲೋಜೂಲ್ ನಷ್ಟ. ಎರಡೇ ಪರಮಾಣುಗಳ ನಡುವಿನ ಕೊಡುಕೊಳ್ಳುವಿಕೆ ಅಷ್ಟಕ್ಕೇ ನಿಂತಿದ್ದರೆ ಅದು ದಿವಾಳಿ ವ್ಯಾಪಾರ.

ನಷ್ಟ ತುಂಬಿಕೊಡುವುದು ಹರಳು. ಧನ, ಋಣ ಆವೇಶದ ಅಯಾನುಗಳು ಮೂರು ದಿಕ್ಕಿನಲ್ಲೂ ಒತ್ತಾಗಿ ಜೋಡಿಸಿಕೊಂಡಾಗ ಮೋಲ್‌ಗೆ ಸುಮಾರು 787 ಕಿಲೋಜೂಲ್ ಹೊರಬರುತ್ತದೆ. ಎಂಟರ ನಿಯಮ ನೆನಪಿಟ್ಟುಕೊಳ್ಳಲು ಒಳ್ಳೆಯ ಗುರುತು. ಅದನ್ನೇ ಕಾರಣವೆಂದು ಹೇಳಿದಾಗ ಎಡವಟ್ಟಾಗುತ್ತದೆ. ಉಪ್ಪು ಗಟ್ಟಿಯಾಗಿರುವುದು ಒಬ್ಬ ದಾನಿ, ಒಬ್ಬ ಪಡೆದವನಿಂದಲ್ಲ. ಇಡೀ ಊರು ಕೈಹಿಡಿದು ನಿಂತಿರುವುದರಿಂದ. ನಿಮ್ಮ ಮಗಳು ಪುಟದ ಅಂಚಿನವರೆಗೆ ಸಾಲು ಎಳೆದಳಲ್ಲ, ಅದೇ ಉತ್ತರದ ತಿರುಳು.

ಕೊನೆಯ ಬೆಂಚು:
ನಾನೂ ಹತ್ತನೇ ತರಗತಿಯೇ. ಸರ್, ನನ್ನದೊಂದು ಸಂದೇಹ. ಉಪ್ಪು ಕರಗುವುದು 801 ಡಿಗ್ರಿಯಲ್ಲಿ ಎಂದು ಕೋಷ್ಟಕದಲ್ಲಿದೆ. ಆದರೆ ತಣ್ಣೀರಿಗೆ ಹಾಕಿ ಕಲಕಿದರೂ ಕರಗುತ್ತದೆ. ಅಷ್ಟು ಗಟ್ಟಿ ಬಂಧ ತಣ್ಣೀರಿನಲ್ಲಿ ಹೇಗೆ ಬಿಟ್ಟುಕೊಳ್ಳುತ್ತದೆ? ತರಗತಿಯಲ್ಲಿ ಕೇಳಿದೆ. "ಅದು ಬೇರೆ, ಇದು ಬೇರೆ" ಎಂದರು.

ಹರಳುಗಣ್ಣು:
ಅವರು ಹೇಳಿದ್ದು ಸರಿಯೇ, ಆದರೆ ಅಲ್ಲಿಗೇ ನಿಲ್ಲಿಸಬಾರದಿತ್ತು. ಇಲ್ಲಿ ಅರ್ಧ ತಪ್ಪು ನಮ್ಮ ಮಾತಿನದು. ಮೇಣ ಕರಗಿತು, ಮಂಜುಗಡ್ಡೆ ಕರಗಿತು, ಸಕ್ಕರೆ ಕರಗಿತು, ಮನಸ್ಸೂ ಕರಗಿತು. ಕನ್ನಡದಲ್ಲಿ ಎಲ್ಲದಕ್ಕೂ ಒಂದೇ ಕ್ರಿಯಾಪದ. ಪಠ್ಯಪುಸ್ತಕದವರು ಒಂದಕ್ಕೆ ದ್ರವಿಸುವುದು, ಇನ್ನೊಂದಕ್ಕೆ ವಿಲೀನವಾಗುವುದು ಎಂದು ಬರೆಯುತ್ತಾರೆ. ಮನೆಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲವಾದ್ದರಿಂದ ತಲೆಯೊಳಗೆ ಎರಡೂ ಬೆರೆತುಹೋಗುತ್ತವೆ.

ಕಾವಿನಿಂದ ಕರಗಿಸುವಾಗ ಅಯಾನುಗಳಿಗೆ ಹೊರಗಿನ ನೆರವು ಇಲ್ಲ. ಪ್ರತಿಯೊಂದೂ ಬರೀ ಕುಣಿತದ ಬಲದಿಂದ ನೆರೆಹೊರೆಯವರ ಹಿಡಿತ ಬಿಡಿಸಿಕೊಳ್ಳಬೇಕು. ಅದಕ್ಕೇ 801 ಡಿಗ್ರಿ. ನೀರಿನಲ್ಲಿ ಹಾಗಲ್ಲ. ನೀರಿನ ಅಣುವಿನಲ್ಲಿ ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಹೆಚ್ಚು ಎಳೆದುಕೊಂಡಿರುತ್ತದೆ. ಆ ತುದಿ ತುಸು ಋಣ, ಹೈಡ್ರೋಜನ್ ತುದಿಗಳು ತುಸು ಧನ. ಸೋಡಿಯಂ ಅಯಾನಿನತ್ತ ನೀರು ಆಕ್ಸಿಜನ್ ತುದಿಯನ್ನು ತಿರುಗಿಸುತ್ತದೆ, ಕ್ಲೋರೈಡಿನತ್ತ ಹೈಡ್ರೋಜನ್ ತುದಿಯನ್ನು. ಸುತ್ತುವರಿದು, ಒಂದೊಂದನ್ನೇ ಮೂಲೆಯಿಂದ ಬಿಡಿಸಿ, ಮೆರವಣಿಗೆಯಲ್ಲಿ ಕರೆದೊಯ್ಯುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಉಪ್ಪೇ ನೀರು ಕುಡಿಯುತ್ತದೆ.

ಹರಳು ಬಿಡಿಸಲು ತಗಲುವ 787 ಕಿಲೋಜೂಲ್ ಖರ್ಚನ್ನು ನೀರು ಹೆಚ್ಚುಕಡಿಮೆ ಪೂರ್ತಿ ತುಂಬಿಕೊಡುತ್ತದೆ. ಮೋಲ್‌ಗೆ ನಾಲ್ಕು ಕಿಲೋಜೂಲ್‌ನಷ್ಟು ಕೊರತೆ ಉಳಿಯುತ್ತದೆ. ಅದನ್ನು ನೀರಿನ ಬಿಸಿಯಿಂದಲೇ ಕಿತ್ತುಕೊಳ್ಳುವುದರಿಂದ ಉಪ್ಪು ಬೆರೆಸಿದ ನೀರು ಒಂದು ಕೂದಲೆಳೆಯಷ್ಟು ತಣ್ಣಗಾಗುತ್ತದೆ. ಕೊರತೆ ಇದ್ದರೂ ಯಾಕೆ ಬೆರೆಯುತ್ತದೆ ಎಂದರೆ, ಸಾಲಾಗಿ ನಿಲ್ಲುವುದಕ್ಕೆ ಒಂದೇ ಬಗೆ, ಚದುರುವುದಕ್ಕೆ ಲೆಕ್ಕವಿಲ್ಲದಷ್ಟು ಬಗೆ.

ಹಳೆಯ ಮೇಷ್ಟ್ರು:
ಹರಳುಗಣ್ಣು ಅವರು "ಕರಗು" ಬಗ್ಗೆ ಹೇಳಿದ್ದು ನೂರಕ್ಕೆ ನೂರು. ಅದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತೇನೆ. ಮೂರು ಚಮಚೆಗಳಲ್ಲಿ ಮೇಣ, ಸಕ್ಕರೆ, ಉಪ್ಪು ಇಟ್ಟು ಒಂದೊಂದನ್ನೇ ಸಣ್ಣ ಉರಿಗೆ ಹಿಡಿಯಿರಿ. ಚಮಚೆಯ ಹಿಡಿಗೆ ಬಟ್ಟೆ ಸುತ್ತಿಕೊಳ್ಳಿ, ಪಕ್ಕದಲ್ಲಿ ದೊಡ್ಡವರು ಇರಲಿ, ಮೇಣಕ್ಕೆ ಉರಿ ತಾಗದಂತೆ ನೋಡಿಕೊಳ್ಳಿ.

ಮೇಣ ನಿಮಿಷದೊಳಗೆ ನೀರಾಗುತ್ತದೆ. ಇಳಿಸಿದರೆ ಮತ್ತೆ ಅದೇ ಬಿಳಿ ಮೇಣ. ಇಲ್ಲಿ ಒಂದು ಬಂಧವೂ ಮುರಿದಿಲ್ಲ. ಉದ್ದುದ್ದ ಅಣುಗಳು ಒಂದಕ್ಕೊಂದು ಸಡಿಲವಾಗಿ ಒರಗಿದ್ದವು, ಈಗ ಜಾರಾಡುತ್ತಿವೆ. ಅಣುವಿನೊಳಗಿನ ಕಾರ್ಬನ್-ಕಾರ್ಬನ್ ಹಿಡಿತ ಹಾಗೇ ಇದೆ.

ಸಕ್ಕರೆ ಮೊದಲು ಅಂಚಿನಲ್ಲಿ ಒದ್ದೆಯಾಗಿ, ಹೊಂಬಣ್ಣಕ್ಕೆ ತಿರುಗಿ, ಕಂದಾಗಿ, ಹೊಗೆಯಾಡಿ, ಕಡೆಗೆ ಕಪ್ಪಾಗುತ್ತದೆ. ತಣಿಸಿದರೆ ಸಕ್ಕರೆ ವಾಪಸ್ ಬರುವುದಿಲ್ಲ. ಅಣುಗಳ ನಡುವಿನ ಹಿಡಿತ ಬಲವಾಗಿದೆ, ಏಕೆಂದರೆ ಒಂದೊಂದು ಅಣುವಿಗೂ ಆಕ್ಸಿಜನ್-ಹೈಡ್ರೋಜನ್ ಜೋಡಿಯ ಎಂಟು ಕೊಕ್ಕೆಗಳಿವೆ. ಆ ಹಿಡಿತ ಸಡಿಲವಾಗುವ ಹೊತ್ತಿಗೆ ಅಣುವಿನೊಳಗಿನ ಬಂಧಗಳೇ ಒಡೆಯಲು ಶುರುವಾಗಿರುತ್ತವೆ.

ಉಪ್ಪು? ಚಟಪಟ ಎನ್ನುತ್ತದೆ, ಅಷ್ಟೇ. ಹರಳಿನೊಳಗೆ ಸಿಕ್ಕಿಬಿದ್ದ ತೇವ ಆವಿಯಾಗಿ ಸಿಡಿಯುವ ಸದ್ದು ಅದು. ಕಣಗಳು ಹಾರಿ ಕಣ್ಣಿಗೆ ಬೀಳದಂತೆ ದೂರ ನಿಲ್ಲಿ. ಒಲೆಯ ಮೇಲಿನ ಚಮಚೆಯಲ್ಲಿ ಉಪ್ಪು ಕರಗುವುದನ್ನು ಕಾಯುತ್ತ ಕುಳಿತರೆ ಗ್ಯಾಸ್ ಮುಗಿಯುತ್ತದೆ.

ಈ ಮೂರು ಚಮಚೆ ನೋಡಿದ ಮಗುವಿಗೆ ಎರಡು ಬಗೆಯ ಹಿಡಿತಗಳು ಬೇರೆ ಬೇರೆ ಎಂದು ಹೇಳಿಕೊಡಬೇಕಾಗಿಲ್ಲ: ಅಣುವಿನೊಳಗೆ ಪರಮಾಣುಗಳನ್ನು ಹಿಡಿದಿರುವುದು ಒಂದು, ಅಣುವಿಗೂ ಅಣುವಿಗೂ ನಡುವಿನದು ಇನ್ನೊಂದು. ನೀರಿನಲ್ಲಿ ಮೊದಲನೆಯದಕ್ಕೆ ಮೋಲ್‌ಗೆ ಸುಮಾರು 463 ಕಿಲೋಜೂಲ್, ಎರಡನೆಯದಾದ ಹೈಡ್ರೋಜನ್ ಬಂಧಕ್ಕೆ ಸುಮಾರು 20. ನೀರು ಕುದಿಸಿದಾಗ ಮುರಿಯುವುದು ಆ ಇಪ್ಪತ್ತರದು.

ಉಪ್ಪುಖಾರ:
ಕುದಿಯುವ ನೀರಿನ ಗುಳ್ಳೆಯೊಳಗೆ ಹೈಡ್ರೋಜನ್, ಆಕ್ಸಿಜನ್ ಇರುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆ. ಇದನ್ನು ಇಲ್ಲಿ ಹೇಳಬಾರದಿತ್ತೇನೋ.

ಹಳೆಯ ಮೇಷ್ಟ್ರು:
ನಿಮ್ಮ ಜೊತೆಗೆ ಬಹಳ ಮಂದಿ ಇದ್ದಾರೆ. ಗುಳ್ಳೆಯೊಳಗೆ ಇರುವುದು ನೀರೇ, ಆವಿಯ ರೂಪದಲ್ಲಿ.

ಸಂಜೆಪಾಠ:
ನಿನ್ನೆ ರಾತ್ರಿ ಊಟದ ಮೇಜು ಪ್ರಯೋಗಶಾಲೆಯಾಯಿತು. ಉಪ್ಪು, ಸಕ್ಕರೆ ಎರಡೂ ಒಂದೇ ಬಿಳಿ, ನೀರಿಗೆ ಹಾಕಿದರೆ ಎರಡೂ ಮಾಯ. ನೀರಿನೊಳಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ ಎಂದು ಮಗಳಿಗೆ ಹಟ. ನಾಲಿಗೆಗೆ ಇಟ್ಟು ನೋಡು ಎಂದೆ. ಅದು ಪ್ರಯೋಗವಲ್ಲವಂತೆ.

ಎರಡು ಪೆನ್ಸಿಲ್‌ಗಳ ಎರಡೂ ತುದಿಗಳನ್ನು ಚೂಪು ಮಾಡಿದೆವು. 9 ವೋಲ್ಟ್ ಬ್ಯಾಟರಿ, ಹಳೆಯ ಆಟಿಕೆಯಿಂದ ಕಿತ್ತ ಕೆಂಪು ಎಲ್‌ಇಡಿ, ಮೂರು ತುಂಡು ತಂತಿ. ಬ್ಯಾಟರಿಯಿಂದ ಎಲ್‌ಇಡಿ, ಅಲ್ಲಿಂದ ಒಂದು ಪೆನ್ಸಿಲ್, ಲೋಟದ ನೀರು, ಇನ್ನೊಂದು ಪೆನ್ಸಿಲ್, ಮತ್ತೆ ಬ್ಯಾಟರಿ. ಮೊದಲು ಹೊತ್ತಲೇ ಇಲ್ಲ. ಎಲ್‌ಇಡಿಯ ಉದ್ದನೆಯ ಕಾಲು ಧನ ತುದಿಯ ಕಡೆಗೆ ಇರಬೇಕೆಂದು ಹತ್ತು ನಿಮಿಷ ಪರದಾಡಿದ ಮೇಲೆ ಗೊತ್ತಾಯಿತು.

ಒಣ ಉಪ್ಪಿನ ರಾಶಿಗೆ ಎರಡೂ ಪೆನ್ಸಿಲ್ ಚುಚ್ಚಿದರೆ ಕತ್ತಲು. ಶುದ್ಧೀಕರಿಸಿದ, ಬ್ಯಾಟರಿಗೆ ಹಾಕುವ ನೀರಿನಲ್ಲೂ ಕತ್ತಲು. ಅದಕ್ಕೆ ನಾಲ್ಕು ಚಮಚೆ ಸಕ್ಕರೆ ಸುರಿದರೂ ಕತ್ತಲು. ಇನ್ನೊಂದು ಲೋಟದಲ್ಲಿ ಅದೇ ನೀರು, ಒಂದು ಚಿಟಿಕೆ ಉಪ್ಪು: ಮಂಕಾಗಿ ಕೆಂಪು. ಇನ್ನೊಂದು ಚಿಟಿಕೆಗೆ ಇನ್ನಷ್ಟು. ಮೂರನೆಯದಕ್ಕೆ ಮಗಳು ಕೂಗಿದ ಸದ್ದಿಗೆ ಪಕ್ಕದ ಕೋಣೆಯವರು ಎದ್ದು ಬಂದರು.

ಒಂದು ಪೆನ್ಸಿಲ್ ತುದಿಯಲ್ಲಿ ಸೂಜಿಮೊನೆಯಂಥ ಗುಳ್ಳೆಗಳ ದಾರ ಮೇಲೇಳುತ್ತಿತ್ತು. ಇನ್ನೊಂದರಲ್ಲಿ ಗುಳ್ಳೆ ಕಡಿಮೆ, ಆದರೆ ಲೋಟದ ಹತ್ತಿರ ಮೂಗು ಒಯ್ದರೆ ಈಜುಕೊಳದ ವಾಸನೆ. ಅದೇನು? ಮತ್ತೆ, ಪೆನ್ಸಿಲ್ ಲೋಹವಲ್ಲವಲ್ಲ, ಅದರೊಳಗೆ ವಿದ್ಯುತ್ ಹೇಗೆ ಹರಿಯಿತು?

ಹರಳುಗಣ್ಣು:
ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿ. ಸೀಸದ ಕಡ್ಡಿ ಎಂದು ಹೇಳುತ್ತಾರಾದರೂ ಅದರಲ್ಲಿ ಸೀಸ ಇಲ್ಲ. ಗ್ರಾಫೈಟ್‌ನಲ್ಲಿ ಪ್ರತಿ ಕಾರ್ಬನ್ ತನ್ನ ನಾಲ್ಕು ಎಲೆಕ್ಟ್ರಾನ್‌ಗಳಲ್ಲಿ ಮೂರನ್ನು ಮೂರು ನೆರೆಯವರ ಜೊತೆ ಹಂಚಿಕೊಂಡು ಜೇನುಗೂಡಿನ ಹಾಳೆ ಕಟ್ಟುತ್ತದೆ. ನಾಲ್ಕನೆಯದು ಹಾಳೆಯುದ್ದಕ್ಕೂ ಅಲೆಮಾರಿ. ವಿದ್ಯುತ್ ಸಾಗಿಸಿದ್ದು ಅದೇ. ಹಾಳೆಯೊಳಗೆ ಕಾರ್ಬನ್‌ಗಳ ಅಂತರ 0.142 ನ್ಯಾನೊಮೀಟರ್, ಹಾಳೆಗಳ ನಡುವೆ 0.335. ಹಾಳೆಯೊಳಗೆ ಬಿಗಿ, ಹಾಳೆಗಳ ನಡುವೆ ಸಡಿಲ. ಆದ್ದರಿಂದಲೇ ಪೆನ್ಸಿಲ್ ಕಾಗದದ ಮೇಲೆ ಸಿಪ್ಪೆ ಸಿಪ್ಪೆಯಾಗಿ ಉಳಿಯುತ್ತದೆ.

ಒಣ ಉಪ್ಪಿನಲ್ಲೂ ಆವೇಶಗಳಿವೆ, ಆದರೆ ಜಾಗ ಬಿಟ್ಟು ಕದಲಲಾರವು. ನೀರಿನಲ್ಲಿ ಬಿಡುಗಡೆ. ಸಕ್ಕರೆ ಇಡೀ ಅಣುವಾಗಿಯೇ ನೀರಿಗೆ ಇಳಿಯುತ್ತದೆ. ಆವೇಶವೇ ಇಲ್ಲದ ಮೇಲೆ ಎಷ್ಟು ಸುರಿದರೂ ದೀಪಕ್ಕೆ ಪ್ರಯೋಜನವಿಲ್ಲ.

ನೊರೆ:
ಸಾಬೂನು ತಯಾರಿಕೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಈಜುಕೊಳದ ವಾಸನೆ ಎಂದೊಡನೆ ಬರೆಯಬೇಕಾಯಿತು. ಅದು ಕ್ಲೋರೀನ್ ಅನಿಲ. ಋಣ ತುದಿಯಲ್ಲಿ ಬಂದ ಗುಳ್ಳೆಗಳು ನೀರಿನಿಂದ ಬಂದ ಹೈಡ್ರೋಜನ್. ಧನ ತುದಿಯಲ್ಲಿ ಕ್ಲೋರೈಡ್ ತನ್ನ ಹೆಚ್ಚುವರಿ ಎಲೆಕ್ಟ್ರಾನ್ ಕಳೆದುಕೊಂಡು ಎರಡೆರಡಾಗಿ ಕೂಡಿ ಕ್ಲೋರೀನ್ ಆಗುತ್ತದೆ. ಕೆಲವು ಸೆಕೆಂಡು ದೀಪ ಹೊತ್ತಿಸಿ ನೋಡಿದರೆ ಭಯವಿಲ್ಲ. ಕಿಟಕಿ ತೆರೆದಿರಲಿ. ಗಂಟೆಗಟ್ಟಲೆ ಬಿಟ್ಟು ಹೋಗಬೇಡಿ, ಮೂಗು ಹತ್ತಿರ ಒಯ್ದು ಎಳೆದುಕೊಳ್ಳಲೂ ಬೇಡಿ.

ಒಂದೇ ಒಂದು ಎಲೆಕ್ಟ್ರಾನಿನ ವ್ಯತ್ಯಾಸ ನೋಡಿ. ಅದು ಇದ್ದಾಗ ನಾಲಿಗೆಗೆ ರುಚಿ, ಹೋದಾಗ ಗಂಟಲಿಗೆ ವಿಷ.

ಇದನ್ನು ನನ್ನ ಗಂಟಲೇ ಬಲ್ಲದು. ಇಷ್ಟೆಲ್ಲ ಓದಿಕೊಂಡವನು ನಾನು. ಆದರೂ ಒಂದು ಭಾನುವಾರ ಬಚ್ಚಲು ತೊಳೆಯುವಾಗ ಮೊದಲು ಬ್ಲೀಚ್ ಸುರಿದು, ಕಲೆ ಹೋಗಲಿಲ್ಲವೆಂದು ಅದರ ಮೇಲೇ ಶೌಚಾಲಯದ ಆ್ಯಸಿಡ್ ಕ್ಲೀನರ್ ಸುರಿದೆ. ಬ್ಲೀಚ್‌ನಲ್ಲಿರುವುದು ಸೋಡಿಯಂ ಹೈಪೋಕ್ಲೋರೈಟ್. ಆ್ಯಸಿಡ್ ಸೇರಿದರೆ ಕ್ಲೋರೀನ್ ಬಿಡುಗಡೆಯಾಗುತ್ತದೆ, ಅದೂ ಪೆನ್ಸಿಲ್ ತುದಿಯ ಗುಳ್ಳೆಯಷ್ಟಲ್ಲ. ಎರಡು ಉಸಿರಿಗೆ ಕಣ್ಣು ಉರಿ, ಎದೆಗೆ ಯಾರೋ ಪಟ್ಟಿ ಬಿಗಿದಂತೆ. ಬಾಗಿಲು ಹಾರುಹೊಡೆದು ಹೊರಗೆ ಓಡಿಬಂದು ಮೆಟ್ಟಿಲ ಮೇಲೆ ಕುಳಿತು ಅರ್ಧ ಗಂಟೆ ಕೆಮ್ಮಿದೆ. ಬ್ಲೀಚ್‌ಗೆ ವಿನೆಗರ್ ಸೇರಿದರೂ ಇದೇ ಗತಿ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೇರಿದರೆ ಕ್ಲೋರಮೀನ್ ಎಂಬ ಇನ್ನೊಂದು ವಿಷಾನಿಲ. ಒಂದು ಸಲಕ್ಕೆ ಒಂದೇ ಬಾಟಲಿ. ಉಸಿರಾಟ ಸರಿಹೋಗದಿದ್ದರೆ ಕಾಯದೆ ವೈದ್ಯರ ಬಳಿ ಹೋಗಿ.

ಕೊನೆಯ ಬೆಂಚು:
ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿದರೆ ತೊಂದರೆ ಇಲ್ಲ ಅಲ್ಲವೇ? ವಿಡಿಯೊಗಳಲ್ಲಿ ಎಲ್ಲ ಕಲೆಗೂ ಅದನ್ನೇ ಹೇಳುತ್ತಾರೆ.

ನೊರೆ:
ತೊಂದರೆ ಇಲ್ಲ, ಪ್ರಯೋಜನವೂ ಇಲ್ಲ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಕಲೆಯ ಮೇಲೆ ಹೋರಾಡಬೇಕಾದವರು ತಮ್ಮತಮ್ಮಲ್ಲೇ ಹೊಡೆದಾಡಿ ಮುಗಿಸುತ್ತಾರೆ. ಉಳಿಯುವುದು ಸೋಡಿಯಂ ಅಸಿಟೇಟ್ ಬೆರೆತ ನೀರು. ಗುಳ್ಳೆ ಕಣ್ಣಿಗೆ ಹಬ್ಬ. ಕೆಟಲಿನ ತಳದಲ್ಲಿ ಕೂತ ಬಿಳಿ ಪೊರೆಗೆ ಬರೀ ವಿನೆಗರ್ ಸಾಕು, ಏಕೆಂದರೆ ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೋನೇಟ್. ಜಿಡ್ಡಿಗೆ ಬರೀ ಸೋಡಾ ಪರವಾಗಿಲ್ಲ.

ಉಪ್ಪುಖಾರ:
ನನ್ನ ಸಿಂಕಿನ ಕೊಳವೆ ಅದರಿಂದಲೇ ಬಿಡಿಸಿಕೊಂಡಿತು, ಸ್ವಾಮಿ. ಕಣ್ಣಾರೆ ಕಂಡಿದ್ದೇನೆ.

ನೊರೆ:
ಅದಾದ ಮೇಲೆ ಒಂದು ಪಾತ್ರೆ ಬಿಸಿನೀರು ಸುರಿದಿರಾ?

ಉಪ್ಪುಖಾರ:
ಸುರಿದೆ.

ನೊರೆ:
ಬಹುಮಾನ ಬಿಸಿನೀರಿಗೆ ಕೊಡಿ.

ಹಳೆಯ ಮೇಷ್ಟ್ರು:
ಅಡುಗೆ ಸೋಡಾ ಬಂದದ್ದು ಒಳ್ಳೆಯದಾಯಿತು. "ಅಯಾನಿಕ ಒಂದು ಕಡೆ, ಸಹವೇಲೆನ್ಸೀಯ ಇನ್ನೊಂದು ಕಡೆ" ಎಂದು ಪಟ್ಟಿ ಬರೆಸುವವರಿಗೆ ಅದು ಕಾಲ್ತೊಡಕು. ಅದರಲ್ಲಿ ಎರಡೂ ಇವೆ. ಒಂದು ಕಾರ್ಬನ್, ಮೂರು ಆಕ್ಸಿಜನ್, ಒಂದು ಹೈಡ್ರೋಜನ್ ಎಲೆಕ್ಟ್ರಾನ್ ಹಂಚಿಕೊಂಡು ಒಂದು ಕೂಟವಾಗಿವೆ. ಆ ಕೂಟದ ಮೇಲೆ ಒಂದು ಋಣ ಆವೇಶ. ಕೂಟಕ್ಕೂ ಸೋಡಿಯಂಗೂ ಇರುವುದು ಉಪ್ಪಿನಲ್ಲಿರುವಂಥ ಸೆಳೆತ. ವಿನೆಗರ್ ಹಾಕಿದಾಗ ಒಡೆಯುವುದು ಆ ಕೂಟ, ಕಾರ್ಬನ್ ಡೈಆಕ್ಸೈಡ್ ಆಗಿ ಹಾರುವುದೂ ಅದರ ತುಣುಕೇ. ಸೋಡಿಯಂ ಮಾತ್ರ ಬಾಗಿಲಲ್ಲಿ ನಿಂತು ಜಗಳ ನೋಡುವ ನೆರೆಯವನಂತೆ, ಮೊದಲು ಹೇಗಿತ್ತೋ ಕಡೆಗೂ ಹಾಗೆಯೇ.

ಸಾಬೂನೂ ಹಾಗೆಯೇ ಅಲ್ಲವೇ, ನೊರೆ ಅವರೇ?

ನೊರೆ:
ಹೌದು, ಮೇಷ್ಟ್ರೇ. ಸೋಡಿಯಂ ಸ್ಟಿಯರೇಟ್ ತೆಗೆದುಕೊಂಡರೆ ಹದಿನೇಳು ಕಾರ್ಬನ್‌ಗಳ ಉದ್ದನೆಯ ಬಾಲ, ಮೇಣದ ಜಾತಿಯದು, ನೀರು ಕಂಡರೆ ಆಗದು. ತಲೆಯಲ್ಲಿ ಋಣ ಆವೇಶ, ಅದಕ್ಕೆ ನೀರು ಬೇಕು. ಬಾಲಗಳು ಜಿಡ್ಡಿನೊಳಗೆ ಹೊಕ್ಕು, ತಲೆಗಳು ಹೊರಗಿನ ನೀರಿಗೆ ಮುಖಮಾಡಿ, ಜಿಡ್ಡಿನ ಹನಿಯನ್ನು ಹೊತ್ತೊಯ್ಯುತ್ತವೆ.

ಗಡಸು ನೀರಿನಲ್ಲಿ ಬಕೆಟ್ಟಿನ ಅಂಚಿಗೆ ಬೆಣ್ಣೆಯಂತೆ ಅಂಟುವ ಬೂದು ಬಿಳಿ ಪದರ ನೋಡಿರುತ್ತೀರಿ. ಉಗುರಿನಿಂದ ಕೆರೆದರೆ ಸುರುಳಿಯಾಗಿ ಬರುತ್ತದೆ. ಅದು ಕೊಳೆಯಲ್ಲ, ಸಾಬೂನೇ. ಗಡಸು ನೀರಿನಲ್ಲಿರುವ, ಎರಡು ಧನ ಆವೇಶದ ಕ್ಯಾಲ್ಸಿಯಂ ಎರಡೆರಡು ಸಾಬೂನಿನ ತಲೆಗಳನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅದು ನೀರಿಗೆ ಇಳಿಯುವುದೇ ಇಲ್ಲ. ಮೊದಲು ಹಾಕಿದಷ್ಟು ಸಾಬೂನು ಪೂರ್ತಿ ಕ್ಯಾಲ್ಸಿಯಂನ ಪಾಲು, ನಂತರದ್ದು ಬಟ್ಟೆಗೆ. ಡಿಟರ್ಜೆಂಟ್‌ನಲ್ಲಿ ತಲೆಯ ಜಾಗದಲ್ಲಿ ಗಂಧಕವಿರುವ ಸಲ್ಫೊನೇಟ್ ಇರುತ್ತದೆ, ಅದನ್ನು ಕ್ಯಾಲ್ಸಿಯಂ ಅಷ್ಟು ಸುಲಭವಾಗಿ ಕೆಳಗೆ ಕೂರಿಸಲಾರದು.

ಕೊನೆಯ ಬೆಂಚು:
ಬಂಧ ಒಡೆದರೆ ಶಕ್ತಿ ಹೊರಬರುತ್ತದೆ ಎಂದು ಬರೆದುಕೊಂಡಿದ್ದೇನೆ. ಆದರೆ ಮೇಲೆ ಎಲ್ಲರೂ ಒಡೆಯಲು ಶಕ್ತಿ ಬೇಕು ಎನ್ನುತ್ತಿದ್ದೀರಿ. ಗ್ಯಾಸ್ ಉರಿದಾಗ ಬಂಧ ಒಡೆಯುವುದರಿಂದಲೇ ಅಲ್ಲವೇ ಬಿಸಿ?

ಹಳೆಯ ಮೇಷ್ಟ್ರು:
ಆ ಸಾಲನ್ನು ಹೊಡೆದುಹಾಕು, ಮಗು. ಬಂಧ ಒಡೆಯಲು ಯಾವಾಗಲೂ ಖರ್ಚು; ಬಂಧ ಕೂಡಿದಾಗ ಆದಾಯ. ಲೆಕ್ಕ ಸುಲಭವಾಗಲೆಂದು ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್ ಇರುವ ಮೀಥೇನ್ ಅನಿಲವನ್ನು ತೆಗೆದುಕೊಳ್ಳೋಣ. ಎಲ್ಲ ಅಂಕಿಗಳೂ ಕಿಲೋಜೂಲ್‌ನಲ್ಲಿ.

ನಾಲ್ಕು ಕಾರ್ಬನ್-ಹೈಡ್ರೋಜನ್ ಬಂಧ ಒಡೆಯಲು ನಾಲ್ಕು ಸಲ 413, ಅಂದರೆ 1652. ಎರಡು ಆಕ್ಸಿಜನ್ ಅಣು ಒಡೆಯಲು ಎರಡು ಸಲ 498, ಅಂದರೆ 996. ಒಟ್ಟು ಖರ್ಚು 2648. ಈಗ ಆದಾಯ: ಕಾರ್ಬನ್ ಡೈಆಕ್ಸೈಡಿನ ಎರಡು ಜೋಡಿಬಂಧಗಳಿಂದ ಎರಡು ಸಲ 799, ಅಂದರೆ 1598. ಎರಡು ನೀರಿನ ಅಣುಗಳ ನಾಲ್ಕು ಬಂಧಗಳಿಂದ ನಾಲ್ಕು ಸಲ 463, ಅಂದರೆ 1852. ಒಟ್ಟು 3450. ಕಳೆದರೆ 802 ಲಾಭ. ಪಾತ್ರೆ ಬಿಸಿಯಾಗುವುದು ಆ ಲಾಭದಿಂದ. ಒಲೆ ಹೊತ್ತಿಸಲು ಕಿಡಿ ಬೇಕಾಗುವುದು ಮೊದಲ ಖರ್ಚಿಗೆ ಕೈಸಾಲ ಬೇಕಲ್ಲ, ಅದಕ್ಕೆ.

ಉಪ್ಪುಖಾರ:
ಎಲ್ಲರೂ ಉಪ್ಪು, ಸಕ್ಕರೆ ಎಂದೇ ಕುಳಿತಿರಿ. ಅಲ್ಯೂಮಿನಿಯಂ ಹಾಳೆಯದು ಯಾವ ಬಂಧ?

ಹರಳುಗಣ್ಣು:
ಲೋಹೀಯ ಬಂಧ. ಹೊರಗಿನ ಎಲೆಕ್ಟ್ರಾನ್‌ಗಳು ಯಾರದೂ ಅಲ್ಲ, ಎಲ್ಲರದೂ. ಕಲ್ಲುಪ್ಪಿನ ಒಂದು ಹರಳಿಗೆ ಗುಂಡುಕಲ್ಲಿನಿಂದ ಒಮ್ಮೆ ಕುಟ್ಟಿ, ಹಾಳೆಯ ಒಂದು ಉಂಡೆಗೂ ಕುಟ್ಟಿ. ಉಪ್ಪಿನಲ್ಲಿ ಒಂದು ಸಾಲು ಒಂದು ಹೆಜ್ಜೆ ಜರುಗಿದರೂ ಧನದ ಎದುರು ಧನ, ಋಣದ ಎದುರು ಋಣ ಬಂದು ತಳ್ಳಿಕೊಂಡು ಸೀಳುತ್ತವೆ. ಒಡೆದ ಚೂರುಗಳ ಮುಖಗಳು ಚಪ್ಪಟೆಯಾಗಿ ಮಿಂಚುವುದನ್ನು ನೋಡಿ. ಲೋಹದಲ್ಲಿ ಸಾಲು ಜರುಗಿದರೂ ಎಲೆಕ್ಟ್ರಾನ್‌ಗಳು ಜೊತೆಗೇ ಜರುಗುತ್ತವೆ. ಉಂಡೆ ತಟ್ಟೆಯಾಗುತ್ತದೆ, ಅಷ್ಟೇ.

ಸಂಜೆಪಾಠ:
ಇಂದು ಶಾಲೆಗೆ ಹೋಗಿದ್ದೆ. ಜಗಳಕ್ಕಲ್ಲ. ಮಗಳು ಆರು ನೆರೆಯವರ ಚಿತ್ರವನ್ನು ಅಚ್ಚುಕಟ್ಟಾಗಿ ಬರೆದು ತಂದಿದ್ದಳು. ಶಿಕ್ಷಕರು ಪೂರ್ತಿ ನೋಡಿ, ಉತ್ತರ ಸೂಚಿಯಲ್ಲಿ ಒಂದೇ ಜೋಡಿ ಇದೆ, ಅದರಂತೆ ಅಂಕ ಹಾಕಿದೆ ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಪ್ರಶ್ನೆಯಲ್ಲಿ ಅಣು ಎಂದು ಕೇಳಿದ್ದೇ ಸರಿಯಲ್ಲ ಎಂದು ಒಪ್ಪಿಕೊಂಡು ಅಂಕ ತಿದ್ದಿದರು. ಉಳಿದ ಮಕ್ಕಳದನ್ನೂ ನೋಡುತ್ತೇನೆ ಎಂದಿದ್ದಾರೆ. ಉಪ್ಪುಖಾರ ಅವರು ಹೇಳಿದ್ದು ಸರಿ, ಅವರ ಮೇಲೆ ಮುಗಿಬೀಳದೆ ಹೋದದ್ದು ಒಳ್ಳೆಯದಾಯಿತು.

ಮಗಳ ಚಿತ್ತ ಈಗ ಬೇರೆ ಕಡೆ. ಅವತ್ತು ಒಂದು ತಟ್ಟೆಯಲ್ಲಿ ಬರೀ ಉಪ್ಪುನೀರು ಎತ್ತಿ ಕಿಟಕಿಯ ಬಳಿ ಇಟ್ಟಿದ್ದಳು. ಈಗ ತಳದಲ್ಲಿ ಚೌಕ ಚೌಕ ಹರಳುಗಳು ಬಂದಿವೆ. ದೊಡ್ಡದು ಎರಡು ಮಿಲಿಮೀಟರ್ ಇದೆ. ಭೂತಗನ್ನಡಿಯಲ್ಲಿ ನೋಡಿದರೆ ನಡುವೆ ಮೆಟ್ಟಿಲು ಮೆಟ್ಟಿಲಾಗಿ ತಗ್ಗು. ಇನ್ನೂ ದೊಡ್ಡದು ಬೆಳೆಸಬೇಕಂತೆ. ಬಿಸಿನೀರಿನಲ್ಲಿ ಹೆಚ್ಚು ಉಪ್ಪು ಬೆರೆಸಿ ತಣಿಸಿದರೆ ಆಗುವುದೇ?

ಹಳೆಯ ಮೇಷ್ಟ್ರು:
ಬಿಸಿ ಮಾಡಿ ಪ್ರಯೋಜನವಿಲ್ಲ. 100 ಗ್ರಾಂ ನೀರಿಗೆ ಕೋಣೆಯ ಕಾವಿನಲ್ಲಿ ಸುಮಾರು 36 ಗ್ರಾಂ ಉಪ್ಪು ಹಿಡಿದರೆ, ಕುದಿಯುವ ನೀರಿಗೂ ಸುಮಾರು 39 ಅಷ್ಟೇ. ತಣಿಸಿದಾಗ ಹೊರಬೀಳುವುದು ಅತ್ಯಲ್ಪ. ಸಕ್ಕರೆಗೆ, ಪಟಿಕಕ್ಕೆ ಆ ಉಪಾಯ ನಡೆಯುತ್ತದೆ. ಉಪ್ಪಿಗೆ ನೀರು ಆರುವುದನ್ನು ಕಾಯುವುದೊಂದೇ ದಾರಿ.

ಪುಡಿ ಉಪ್ಪಿನಲ್ಲಿ ಅಂಟುಕಟ್ಟದಿರಲು ಬೆರೆಸಿದ ಪುಡಿ ಇರುತ್ತದೆ, ನೀರು ಮಬ್ಬಾಗುವುದು ಅದರಿಂದ. ಕಲ್ಲುಪ್ಪು ಸಿಕ್ಕರೆ ಅದನ್ನೇ ಬಳಸಿ. ನೀರು ಇನ್ನು ಹಿಡಿಯುವುದಿಲ್ಲ ಎನ್ನುವವರೆಗೆ ಬೆರೆಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿ. ತಟ್ಟೆಯಲ್ಲಿ ಬಂದ ಹರಳುಗಳಲ್ಲಿ ಅಂಚು ಮುಕ್ಕಾಗದ ಒಂದನ್ನು ಆರಿಸಿ, ಸೋಸಿದ ನೀರಿನ ಲೋಟದ ತಳದಲ್ಲಿಟ್ಟು, ಬಾಯಿಗೆ ತೆಳುವಾದ ಕಾಗದ ಮುಚ್ಚಿ, ಅಲುಗಾಡದ ಜಾಗದಲ್ಲಿಡಿ. ನಡುವಿನ ತಗ್ಗು ಬಂದದ್ದು ಹರಳು ಬೇಗ ಬೆಳೆದದ್ದರಿಂದ. ಅಂಚಿಗೆ ಅಯಾನುಗಳು ಬೇಗ ತಲುಪುತ್ತವೆ, ನಡುವಿಗೆ ತಡ. ಕಿಟಕಿಯ ಬಿಸಿಲಿನಿಂದ ತೆಗೆದು ಕಪಾಟಿನೊಳಗೆ ಇಟ್ಟರೆ ತಗ್ಗು ಬಾರದು. ದಿನಕ್ಕೊಮ್ಮೆ ಮಗ್ಗುಲು ಬದಲಿಸಲು ಹೇಳಿ.